ಸುದ್ದಿ ಮೊದಲೇ ಬಂದಿತ್ತು, ಕಾನೂನು ತಡವಾಗಿ ಬಂತು



ಯಾವುದೇ ದೇಶದ ಸರ್ಕಾರಿ ರಜಾ ಪಟ್ಟಿಯನ್ನು ಗಮನವಿಟ್ಟು ನೋಡಿದರೆ, ಆ ದೇಶ ಯಾವುದನ್ನು ನೆನಪಿಡಲು ಒಪ್ಪಿಕೊಂಡಿದೆ ಎಂಬುದು ತಿಳಿಯುತ್ತದೆ. ಹಾಗೆ ಒಪ್ಪಿಕೊಳ್ಳಲು ಎಷ್ಟು ಕಾಲ ತೆಗೆದುಕೊಂಡಿತು ಎಂಬುದೂ ತಿಳಿಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗುಲಾಮಗಿರಿ ಸಂವಿಧಾನದ ಮೂಲಕ ಕೊನೆಗೊಂಡದ್ದು 1865ರಲ್ಲಿ. ಆ ಅಂತ್ಯವನ್ನು ಸ್ಮರಿಸಲು ಇಡೀ ದೇಶಕ್ಕೆ ಒಂದು ರಜೆ ಸಿಕ್ಕಿದ್ದು 2021ರಲ್ಲಿ. ನಡುವೆ 156 ವರ್ಷ ಕಳೆದವು.

ಆ ರಜೆಯ ದಿನ ಜೂನ್ 19. ಅಲ್ಲಿನ ಜನ ಅದನ್ನು ‘ಜೂನ್‌ಟೀನ್ತ್’ ಎನ್ನುತ್ತಾರೆ. ‘ಜೂನ್’ ಮತ್ತು ‘ನೈಂಟೀನ್ತ್’ ಎಂಬ ಎರಡು ಪದಗಳು ಆಡುಮಾತಿನಲ್ಲಿ ಬೆಸೆದುಕೊಂಡು ಹುಟ್ಟಿದ ಹೆಸರಿದು. ಶಾಸನಸಭೆ ಇಟ್ಟ ಹೆಸರಲ್ಲ. ಟೆಕ್ಸಸ್ ರಾಜ್ಯದ ಕಪ್ಪು ಜನರ ಬಾಯಿಂದ ಬಂದದ್ದು. ಆ ದಿನ ನಡೆದದ್ದೇನು, ಬೇರೆ ದಿನಗಳಿರುವಾಗ ಅದೇ ಏಕೆ ಉಳಿಯಿತು, ಅದಕ್ಕೆ ಮಾನ್ಯತೆ ದೊರಕಲು ಇಷ್ಟು ಕಾಲ ಏಕೆ ಬೇಕಾಯಿತು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ನೋಡಬಹುದು.

ಗ್ಯಾಲ್ವೆಸ್ಟನ್ ಬಂದರಿನಲ್ಲಿ

ಅಮೆರಿಕದ ಅಂತರ್ಯುದ್ಧ 1861ರಲ್ಲಿ ಆರಂಭವಾಯಿತು. ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಹೊರನಡೆದಿದ್ದವು. ಅಧ್ಯಕ್ಷ ಅಬ್ರಹಾಂ ಲಿಂಕನ್ 1863ರ ಜನವರಿ 1ರಂದು ವಿಮೋಚನಾ ಘೋಷಣೆ ಹೊರಡಿಸಿದರು. ನಮ್ಮ ಶಾಲಾ ಪಠ್ಯಗಳಲ್ಲಿ ‘ಲಿಂಕನ್ ಗುಲಾಮಗಿರಿಯನ್ನು ರದ್ದುಮಾಡಿದರು’ ಎಂಬ ಒಂದು ಸಾಲಿನಲ್ಲಿ ಈ ಕಥೆ ಮುಗಿದುಹೋಗುತ್ತದೆ. ಆದರೆ ಆ ಘೋಷಣೆ ಅನ್ವಯಿಸುತ್ತಿದ್ದುದು ದಂಗೆ ಎದ್ದ ಪ್ರದೇಶಗಳಿಗೆ ಮಾತ್ರ. ಒಕ್ಕೂಟದಲ್ಲೇ ಉಳಿದಿದ್ದ ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸೌರಿ ರಾಜ್ಯಗಳ ಗುಲಾಮರು ಅದರ ವ್ಯಾಪ್ತಿಗೆ ಬರಲಿಲ್ಲ. ಇನ್ನು ದಂಗೆ ಎದ್ದ ರಾಜ್ಯಗಳಲ್ಲಿ ಲಿಂಕನ್‌ರ ಮಾತು ನಡೆಯುವಂತಿರಲಿಲ್ಲ. ಒಕ್ಕೂಟದ ಸೈನ್ಯ ಎಲ್ಲಿಗೆ ತಲುಪಿತೋ ಅಲ್ಲಿಗಷ್ಟೇ ಬಿಡುಗಡೆ ತಲುಪಿತು.

ಟೆಕ್ಸಸ್ ಪಶ್ಚಿಮದ ಕೊನೆಯಲ್ಲಿತ್ತು. ಯುದ್ಧದ ಮುಖ್ಯ ಕಾಳಗಗಳು ನಡೆದದ್ದು ಅದರಿಂದ ಬಹುದೂರ. ಹೀಗಾಗಿ ಇತರ ರಾಜ್ಯಗಳ ಜಮೀನುದಾರರು ತಮ್ಮ ಗುಲಾಮರನ್ನು ಕೈತಪ್ಪದಂತೆ ಉಳಿಸಿಕೊಳ್ಳಲು ಹತ್ತಾರು ಸಾವಿರ ಜನರನ್ನು ಟೆಕ್ಸಸ್‌ಗೆ ಸಾಗಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿ ಸುಮಾರು ಎರಡೂವರೆ ಲಕ್ಷ ಗುಲಾಮರಿದ್ದರು.

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾನಿ ರಾಬರ್ಟ್ ಲೀ ಶರಣಾದರು. ಐದೇ ದಿನಗಳಲ್ಲಿ ಲಿಂಕನ್‌ರಿಗೆ ಗುಂಡೇಟು ಬಿತ್ತು. ಟೆಕ್ಸಸ್ ಕಡೆಯ ಸೈನ್ಯ ಶರಣಾಗತಿಗೆ ಸಹಿ ಹಾಕಿದ್ದು ಜೂನ್ 2ರಂದು. ಅನಂತರ ಜನರಲ್ ಗಾರ್ಡನ್ ಗ್ರೇಂಜರ್ ಸೈನ್ಯದೊಂದಿಗೆ ಗ್ಯಾಲ್ವೆಸ್ಟನ್ ಬಂದರಿಗೆ ಬಂದಿಳಿದು, ಜೂನ್ 19ರಂದು ‘ಸಾಮಾನ್ಯ ಆದೇಶ ಸಂಖ್ಯೆ 3’ ಹೊರಡಿಸಿದರು. ಎಲ್ಲ ಗುಲಾಮರೂ ಸ್ವತಂತ್ರರು, ಹಿಂದಿನ ಒಡೆಯನಿಗೂ ಗುಲಾಮನಿಗೂ ಹಕ್ಕುಗಳಲ್ಲಿ ಪೂರ್ಣ ಸಮಾನತೆ ಇದೆ, ಇನ್ನು ಮುಂದೆ ಅವರ ನಡುವಿನ ಸಂಬಂಧ ಕೂಲಿ ಕೊಡುವವ ಮತ್ತು ಕೂಲಿ ಮಾಡುವವನ ಸಂಬಂಧ ಎಂಬುದು ಅದರ ಸಾರ. ಅದೇ ಆದೇಶದ ಮುಂದಿನ ಭಾಗವನ್ನೂ ಓದಬೇಕು. ಬಿಡುಗಡೆಯಾದವರು ಈಗಿರುವ ಮನೆಗಳಲ್ಲೇ ಸದ್ದಿಲ್ಲದೆ ಇದ್ದು ಕೂಲಿಗೆ ದುಡಿಯಬೇಕು, ಸೇನಾ ಠಾಣೆಗಳ ಬಳಿ ಗುಂಪುಗೂಡಕೂಡದು, ಸುಮ್ಮನೆ ಕೂತವರನ್ನು ಸಾಕಲಾಗದು ಎಂಬ ಎಚ್ಚರಿಕೆ ಅಲ್ಲಿದೆ. ಬಿಡುಗಡೆಯ ಪತ್ರದಲ್ಲೇ ಬಿಡುಗಡೆಯಾದವರ ಬಗೆಗಿನ ಸಂಶಯವೂ ಸೇರಿಕೊಂಡಿತ್ತು.

ಎರಡೂವರೆ ವರ್ಷದ ವಿಳಂಬ

ಘೋಷಣೆಯಿಂದ ಈ ಆದೇಶದವರೆಗೆ ಸುಮಾರು ಎರಡೂವರೆ ವರ್ಷ. ಇಷ್ಟು ತಡವೇಕಾಯಿತು ಎಂಬುದಕ್ಕೆ ಟೆಕ್ಸಸ್‌ನಲ್ಲಿ ಹಲವು ಕಥೆಗಳಿವೆ. ಸುದ್ದಿ ಹೊತ್ತು ಹೇಸರಗತ್ತೆಯ ಮೇಲೆ ಹೊರಟ ದೂತನನ್ನು ದಾರಿಯಲ್ಲಿ ಕೊಂದರೆಂಬುದು ಒಂದು. ಹತ್ತಿಯ ಇನ್ನೊಂದು ಬೆಳೆ ಕೈಗೆ ಬರಲಿ ಎಂದು ಸುದ್ದಿಯನ್ನು ಬೇಕೆಂದೇ ಅದುಮಿಟ್ಟರೆಂಬುದು ಮತ್ತೊಂದು. ದೂತನ ಕಥೆಗೆ ಆಧಾರವಿಲ್ಲ. ಹತ್ತಿಯ ಕಥೆಯಲ್ಲಿ ಸತ್ಯಾಂಶವಿದೆ. 1930ರ ದಶಕದಲ್ಲಿ ಅಮೆರಿಕ ಸರ್ಕಾರದ ಯೋಜನೆಯೊಂದರ ಅಡಿಯಲ್ಲಿ ಮಾಜಿ ಗುಲಾಮರ ನೆನಪುಗಳನ್ನು ಬರೆದುಕೊಳ್ಳಲಾಯಿತು. ಆ ವೃದ್ಧರಲ್ಲಿ ಕೆಲವರು, ಒಡೆಯರು ತಮಗೆ ವಿಷಯ ತಿಳಿಸಿದ್ದು ಸುಗ್ಗಿ ಮುಗಿದ ಮೇಲೆ ಎಂದೇ ಹೇಳಿದ್ದಾರೆ.

ಆದರೆ ಲಿಂಕನ್‌ರ ಘೋಷಣೆ ಟೆಕ್ಸಸ್‌ನಲ್ಲಿ ಗುಟ್ಟಾಗಿರಲಿಲ್ಲ. ಒಡೆಯರು ಪತ್ರಿಕೆಗಳಲ್ಲಿ ಓದಿದ್ದರು. ಅವರು ಊಟದ ಮೇಜಿನಲ್ಲಿ ಆಡಿದ ಮಾತು ಅಡುಗೆಮನೆಗೂ, ಅಲ್ಲಿಂದ ಹೊಲಕ್ಕೂ ಹೋಗುತ್ತಿತ್ತು. ‘ನಾನು ಸ್ವತಂತ್ರ’ ಎಂದು ತಿಳಿದವನು ಹೊರಟು ನಿಂತರೆ ತಡೆಯಲು ಬಂದೂಕುಗಳಿದ್ದವು. ಅವನ ಪರವಾಗಿ ನಿಲ್ಲಲು ಯಾರೂ ಇರಲಿಲ್ಲ. ಜೂನ್ 19ರಂದು ಗ್ಯಾಲ್ವೆಸ್ಟನ್‌ಗೆ ಬಂದದ್ದು ಮುಖ್ಯವಾಗಿ ಸುದ್ದಿಯಲ್ಲ, ಅದನ್ನು ಜಾರಿಗೆ ತರಬಲ್ಲ ಅಧಿಕಾರ. ಹಾಗಿದ್ದರೂ ಟೆಕ್ಸಸ್ ವಿಶಾಲ ರಾಜ್ಯ, ಸೈನಿಕರು ಕೆಲವೇ ಸಾವಿರ. ಒಳನಾಡಿನ ತೋಟಗಳಿಗೆ ಆದೇಶ ತಲುಪಲು ತಿಂಗಳುಗಳೇ ಹಿಡಿದವು.

ಬಿಡುಗಡೆಯಾದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತಮ್ಮವರನ್ನು ಹುಡುಕುವುದು. ಅಮೆರಿಕದ ಗುಲಾಮಗಿರಿಯಲ್ಲಿ ಮನುಷ್ಯ ಎತ್ತು, ಗಾಡಿಗಳಂತೆ ಒಡೆಯನ ಆಸ್ತಿ. ತಾಯಿಯನ್ನು ಒಬ್ಬನಿಗೆ, ಮಗುವನ್ನು ಇನ್ನೊಬ್ಬನಿಗೆ ಮಾರಬಹುದಿತ್ತು. ನ್ಯೂ ಆರ್ಲಿಯನ್ಸ್‌ನ ಒಂದು ಚರ್ಚ್ ಪತ್ರಿಕೆ 1870ರ ದಶಕದ ಕೊನೆಯಿಂದ ‘ಕಳೆದುಹೋದ ಸ್ನೇಹಿತರು’ ಎಂಬ ಅಂಕಣವನ್ನೇ ನಡೆಸಿತು. ತಾಯಿಯ ಹೆಸರು ಇಂಥದ್ದು, ಇಂಥ ಒಡೆಯನಿಂದ ಇಂಥವನು ಕೊಂಡ, ಅನಂತರ ಕಂಡಿಲ್ಲ ಎಂಬಂಥ ಜಾಹೀರಾತುಗಳು ಅದರಲ್ಲಿ ಸಾಲುಸಾಲಾಗಿ ಅಚ್ಚಾದವು. ಗುಲಾಮಗಿರಿ ಮುಗಿದು ಹತ್ತಾರು ವರ್ಷಗಳಾದ ಮೇಲೂ ಜನ ತಮ್ಮ ತಾಯಂದಿರನ್ನು ಹುಡುಕುತ್ತಲೇ ಇದ್ದರು.

ಹಬ್ಬಕ್ಕೆ ಜಾಗವಿಲ್ಲದ ಊರು

1866ರಿಂದಲೇ ಟೆಕ್ಸಸ್‌ನ ಕಪ್ಪು ಜನ ಈ ದಿನವನ್ನು ಆಚರಿಸತೊಡಗಿದರು. ಚರ್ಚಿನಲ್ಲಿ ಪ್ರಾರ್ಥನೆ, ವಿಮೋಚನಾ ಘೋಷಣೆಯ ಓದು, ಹಿರಿಯರ ಮಾತು, ಮೆರವಣಿಗೆ, ಆಮೇಲೆ ಬಯಲಿನಲ್ಲಿ ಕೆಂಡದ ಮೇಲೆ ಬೇಯಿಸಿದ ಮಾಂಸದ ಊಟ. ಕಲ್ಲಂಗಡಿ, ಕೆಂಪು ಪಾನಕದಂಥ ಕೆಂಪು ಬಣ್ಣದ ತಿನಿಸು ಈ ಹಬ್ಬದ ಗುರುತಾಗಿ ಬೆಳೆದು ಬಂದಿದೆ. ಹಂಚಿಹೋದ ಕುಟುಂಬಗಳು ಒಂದೆಡೆ ಸೇರುವ ದಿನವೂ ಅದೇ ಆಯಿತು.

ಸಮಸ್ಯೆ ಇದ್ದುದು ಜಾಗದ್ದು. ಊರಿನ ಉದ್ಯಾನಗಳಿಗೆ ಕಪ್ಪು ಜನರನ್ನು ಬಿಡುತ್ತಿರಲಿಲ್ಲ. ಹೂಸ್ಟನ್ ನಗರದಲ್ಲಿ ಪಾದ್ರಿ ಜಾಕ್ ಯೇಟ್ಸ್ ಮುಂದಾಳತ್ವದಲ್ಲಿ ಮಾಜಿ ಗುಲಾಮರು ಚಂದಾ ಎತ್ತಿ 1872ರಲ್ಲಿ ಹತ್ತು ಎಕರೆ ಜಮೀನು ಕೊಂಡರು. ಏಳು ವರ್ಷದ ಹಿಂದೆ ತಾವೇ ಮಾರಾಟದ ವಸ್ತುವಾಗಿದ್ದವರು ಈಗ ಭೂಮಿಯ ಕ್ರಯಪತ್ರ ಮಾಡಿಸಿಕೊಂಡರು. ‘ವಿಮೋಚನಾ ಉದ್ಯಾನ’ ಎಂಬ ಹೆಸರಿನಲ್ಲಿ ಅದು ಇಂದಿಗೂ ಇದೆ.

ಆದರೆ ಸಂಭ್ರಮದ ಆಚೆ ಬದುಕು ಬಿಗಿಯಾಗುತ್ತಾ ಹೋಯಿತು. ಭೂಮಿ ಹಳೆಯ ಒಡೆಯರಲ್ಲೇ ಉಳಿಯಿತು. ಬಿಡುಗಡೆಯಾದವರು ಅದೇ ಹೊಲಗಳನ್ನು ಪಾಲಿಗೆ ಮಾಡಿದರು. ಬೀಜ, ನೇಗಿಲು, ಹಿಟ್ಟು ಎಲ್ಲವನ್ನೂ ಸಾಲವಾಗಿ ತಂದರು. ವರ್ಷದ ಕೊನೆಯಲ್ಲಿ ಲೆಕ್ಕ ಬರೆಯುವವನು ಒಡೆಯನೇ. ಸಾಲ ತೀರದೆ ಜನ ಮತ್ತೆ ಅಲ್ಲೇ ಉಳಿದರು. ಕನ್ನಡಿಗರಿಗೆ ಇದು ಹೊಸದಲ್ಲ. ನಮ್ಮ ಹಳ್ಳಿಗಳು ಇದಕ್ಕೆ ಹತ್ತಿರದ ಪದ್ಧತಿಯನ್ನು ‘ಜೀತ’ ಎಂಬ ಹೆಸರಿನಲ್ಲಿ ಕಂಡಿವೆ. ಮತದಾನದ ಹಕ್ಕನ್ನೂ ನಾನಾ ಉಪಾಯಗಳಿಂದ ಕಿತ್ತುಕೊಳ್ಳಲಾಯಿತು. ದಕ್ಷಿಣವನ್ನು ಬಿಟ್ಟು ಲಕ್ಷಾಂತರ ಕಪ್ಪು ಜನ ಕ್ಯಾಲಿಫೋರ್ನಿಯ ಮುಂತಾದ ರಾಜ್ಯಗಳಿಗೆ ಹೋದಾಗ, ಟೆಕ್ಸಸ್‌ನವರ ಜೊತೆ ಜೂನ್‌ಟೀನ್ತ್ ಕೂಡ ಹೋಯಿತು.

ಯಾವ ದಿನ?

ಸ್ಮರಣೆಗೆ ಬೇರೆ ದಿನಗಳು ಇರಲಿಲ್ಲವೆಂದಲ್ಲ. ಲಿಂಕನ್‌ರ ಘೋಷಣೆಯ ಜನವರಿ 1 ಇತ್ತು. ಇಡೀ ದೇಶದಲ್ಲಿ ಗುಲಾಮಗಿರಿಯನ್ನು ನಿಷೇಧಿಸಿದ ಸಂವಿಧಾನದ 13ನೇ ತಿದ್ದುಪಡಿಗೆ ಅಗತ್ಯ ಸಂಖ್ಯೆಯ ರಾಜ್ಯಗಳ ಒಪ್ಪಿಗೆ ದೊರೆತ 1865ರ ಡಿಸೆಂಬರ್ 6 ಇತ್ತು. ಕೆಂಟಕಿ ಮತ್ತು ಡೆಲವೇರ್‌ಗಳ ಗುಲಾಮರು ಬಿಡುಗಡೆಯಾದದ್ದು ಈ ತಿದ್ದುಪಡಿಯಿಂದ, ಅಂದರೆ ಟೆಕ್ಸಸ್‌ಗಿಂತಲೂ ತಡವಾಗಿ. ತಿದ್ದುಪಡಿಯ ನಿರ್ಣಯಕ್ಕೆ ಲಿಂಕನ್ ಸಹಿ ಹಾಕಿದ ಫೆಬ್ರವರಿ 1ನ್ನು ‘ರಾಷ್ಟ್ರೀಯ ಸ್ವಾತಂತ್ರ್ಯ ದಿನ’ವೆಂದು ಅಧ್ಯಕ್ಷ ಟ್ರೂಮನ್ 1948ರಲ್ಲಿ ಅಂಗೀಕರಿಸಿದ್ದರು. ಅದಕ್ಕಾಗಿ ಶ್ರಮಿಸಿದವರು ಗುಲಾಮರಾಗಿಯೇ ಹುಟ್ಟಿದ್ದ ರಿಚರ್ಡ್ ರೈಟ್. ಆದರೆ ಅದು ಕಾಗದದ ಮೇಲೆ ಉಳಿಯಿತು. ರಜೆಯಾಗಲಿಲ್ಲ, ಜನರ ಹಬ್ಬವೂ ಆಗಲಿಲ್ಲ. ಸಹಿ ಬಿದ್ದ ದಿನಗಳಿಗಿಂತ, ತಮ್ಮ ಅಜ್ಜ ಅಜ್ಜಿಯರು ನಿಜಕ್ಕೂ ಬಿಡುಗಡೆಯಾದ ದಿನವನ್ನು ಜನ ಹಿಡಿದುಕೊಂಡರು.

ಬೇರೆ ದೇಶಗಳಲ್ಲೂ ಇಂಥ ದಿನಗಳಿವೆ. ಬ್ರಿಟಿಷ್ ಸಾಮ್ರಾಜ್ಯದ ವಸಾಹತುಗಳಲ್ಲಿ ರದ್ದತಿ ಕಾಯ್ದೆ ಜಾರಿಗೆ ಬಂದದ್ದು 1834ರ ಆಗಸ್ಟ್ 1ರಂದು. ಬ್ರಿಟನ್ ಆಗ 2 ಕೋಟಿ ಪೌಂಡ್ ಪರಿಹಾರವನ್ನು ಗುಲಾಮರ ಒಡೆಯರಿಗೆ ಕೊಟ್ಟಿತು. ಗುಲಾಮರಿಗೆ ಏನನ್ನೂ ಕೊಡಲಿಲ್ಲ. ಟ್ರಿನಿಡಾಡ್ ಮತ್ತು ಟೊಬೆಗೊ 1985ರಲ್ಲಿ ಆಗಸ್ಟ್ 1ನ್ನು ರಾಷ್ಟ್ರೀಯ ರಜೆಯಾಗಿಸಿತು. ಮಾರಿಷಸ್ ಫೆಬ್ರವರಿ 1ರಂದು ಗುಲಾಮಗಿರಿಯ ಅಂತ್ಯವನ್ನು, ನವೆಂಬರ್ 2ರಂದು ಭಾರತೀಯ ಕರಾರು ಕೂಲಿಗಳ ಆಗಮನವನ್ನು ಸ್ಮರಿಸುತ್ತದೆ. ಗುಲಾಮರು ಬಿಟ್ಟುಹೋದ ಕಬ್ಬಿನ ಗದ್ದೆಗಳಿಗೆ ನಮ್ಮವರನ್ನೇ ಹಡಗಿನಲ್ಲಿ ಒಯ್ದದ್ದರಿಂದ ಆ ಎರಡು ರಜೆಗಳು ಒಂದೇ ಕಥೆಯ ಎರಡು ಅಧ್ಯಾಯಗಳು.

ಮಾನ್ಯತೆಯ ಹಾದಿ

ಜೂನ್‌ಟೀನ್ತ್‌ಗೆ ಮೊದಲ ಸರ್ಕಾರಿ ಮಾನ್ಯತೆ ಕೊಟ್ಟದ್ದು ಟೆಕ್ಸಸ್. ಹೂಸ್ಟನ್ನಿನ ಶಾಸಕ ಆಲ್ ಎಡ್ವರ್ಡ್ಸ್ 1979ರಲ್ಲಿ ತಂದ ಮಸೂದೆ ಅಂಗೀಕಾರವಾಗಿ, 1980ರಿಂದ ಅದು ರಾಜ್ಯದ ರಜೆಯಾಯಿತು. ಇತರ ರಾಜ್ಯಗಳು ಒಂದೊಂದಾಗಿ ಹಿಂಬಾಲಿಸಿದವು. ಕೇಂದ್ರದ ಮಾನ್ಯತೆಗೆ ಪಟ್ಟು ಹಿಡಿದವರಲ್ಲಿ ಎದ್ದು ಕಾಣುವ ಹೆಸರು ಓಪಲ್ ಲೀ ಅವರದು. ಇವರು ಫೋರ್ಟ್ ವರ್ತ್ ನಗರದ ನಿವೃತ್ತ ಶಿಕ್ಷಕಿ. 1939ರ ಜೂನ್ 19ರಂದು, ಇವರು ಹನ್ನೆರಡರ ಬಾಲಕಿಯಾಗಿದ್ದಾಗ, ಬಿಳಿಯರ ಬಡಾವಣೆಗೆ ಮನೆ ಮಾಡಿದ ತಪ್ಪಿಗೆ ಇವರ ಕುಟುಂಬದ ಮನೆಯನ್ನು ಜನರ ಗುಂಪೊಂದು ನುಗ್ಗಿ ಹಾಳುಗೆಡವಿತು. ಬಿಡುಗಡೆಯ ದಿನವೇ ಅದು ನಡೆದಿತ್ತು.

2016ರಲ್ಲಿ, 89ರ ವಯಸ್ಸಿನಲ್ಲಿ, ಓಪಲ್ ಲೀ ರಾಷ್ಟ್ರೀಯ ರಜೆಗಾಗಿ ವಾಷಿಂಗ್ಟನ್ನಿನ ದಿಕ್ಕಿಗೆ ಕಾಲ್ನಡಿಗೆ ಆರಂಭಿಸಿದರು. ಊರಿಂದೂರಿಗೆ ಹೋಗಿ ಎರಡೂವರೆ ಮೈಲಿ ನಡೆಯುವುದು ಅವರ ಕ್ರಮ. ಟೆಕ್ಸಸ್ ಕಾದ ಎರಡೂವರೆ ವರ್ಷಗಳ ಲೆಕ್ಕ ಅದು. ಅವರ ಮನವಿಗೆ ಸುಮಾರು 15 ಲಕ್ಷ ಸಹಿಗಳು ಬಂದವು.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತರು. ದೇಶವೆಲ್ಲ ಬೀದಿಗಿಳಿಯಿತು. ಫ್ಲಾಯ್ಡ್ ಬೆಳೆದದ್ದು ಹೂಸ್ಟನ್ನಿನ ಥರ್ಡ್ ವಾರ್ಡಿನಲ್ಲಿ. ವಿಮೋಚನಾ ಉದ್ಯಾನ ಇರುವುದೂ ಅದೇ ಬಡಾವಣೆಯಲ್ಲಿ. ಮರುವರ್ಷ, 2021ರ ಜೂನ್ 15ರಂದು ಸೆನೆಟ್ ಮಸೂದೆಯನ್ನು ಸರ್ವಾನುಮತದಿಂದ ಒಪ್ಪಿತು. ಮರುದಿನ ಕೆಳಮನೆ 415-14 ಮತಗಳಿಂದ ಅಂಗೀಕರಿಸಿತು. ಜೂನ್ 17ರಂದು ಅಧ್ಯಕ್ಷ ಬೈಡನ್ ಸಹಿ ಹಾಕುವಾಗ ಓಪಲ್ ಲೀ ಪಕ್ಕದಲ್ಲಿದ್ದರು. 1983ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಜೆ ಬಂದ ಮೇಲೆ ಸೇರಿದ ಮೊದಲ ರಾಷ್ಟ್ರೀಯ ರಜೆ ಇದು.

ವಿರೋಧಿಸಿದವರಲ್ಲಿ ಕೆಲವರು, ಜುಲೈ 4 ಇರುವಾಗ ಇನ್ನೊಂದು ‘ಸ್ವಾತಂತ್ರ್ಯ ದಿನ’ವೆಂಬ ಹೆಸರು ದೇಶವನ್ನು ಒಡೆಯುತ್ತದೆ ಎಂದರು. ಕಪ್ಪು ಜನರ ಸಂಘಟನೆಗಳಲ್ಲೂ ಬೇರೆ ಬಗೆಯ ಅಸಮಾಧಾನವಿತ್ತು. ರಜೆ ಕೊಡುವುದು ಸುಲಭ, ಮತದಾನದ ಹಕ್ಕಿನ ರಕ್ಷಣೆಯ ಮಸೂದೆಗಳು ಏಕೆ ಪಾಸಾಗುವುದಿಲ್ಲ ಎಂಬುದು ಅವರ ಪ್ರಶ್ನೆ. 2022ರಲ್ಲಿ ದೊಡ್ಡ ಅಂಗಡಿ ಸರಣಿಯೊಂದು ಜೂನ್‌ಟೀನ್ತ್ ಹೆಸರಿನ ಐಸ್‌ಕ್ರೀಂ ತಂದು, ಟೀಕೆ ಬಂದ ಮೇಲೆ ಕ್ಷಮೆ ಕೇಳಿ ಹಿಂತೆಗೆದುಕೊಂಡಿತು. ರಾಷ್ಟ್ರೀಯ ಉದ್ಯಾನಗಳಿಗೆ ಉಚಿತ ಪ್ರವೇಶ ನೀಡುವ ದಿನಗಳ 2026ರ ಪಟ್ಟಿಯಿಂದ ಜೂನ್‌ಟೀನ್ತ್ ಹೊರಬಿತ್ತು. ಕಾಯ್ದೆಯಲ್ಲಿ ರಜೆ ಉಳಿದಿದ್ದರೂ ಅದಕ್ಕೆ ಸಿಗುವ ಗೌರವ ಆಳುವವರ ಮನಸ್ಸಿನಂತೆ ಹೆಚ್ಚು ಕಡಿಮೆಯಾಗುತ್ತದೆ.

ಅಮೆರಿಕದ ಈ ಬಿಡುಗಡೆ ನಮ್ಮ ನಾಡಿನ ಕಿವಿಗೂ ಬೇಗನೇ ಬಿದ್ದಿತ್ತು. ಮಹಾತ್ಮ ಜ್ಯೋತಿರಾವ್ ಫುಲೆ 1873ರಲ್ಲಿ ಪ್ರಕಟಿಸಿದ ‘ಗುಲಾಮಗಿರಿ’ ಪುಸ್ತಕವನ್ನು, ಕಪ್ಪು ಗುಲಾಮರ ವಿಮೋಚನೆಗಾಗಿ ತ್ಯಾಗ ಮಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಶೂದ್ರರ ಬಿಡುಗಡೆಗೆ ತಮ್ಮ ದೇಶದವರೂ ಹಾಗೆ ಮುಂದಾಗಲಿ ಎಂಬುದು ಅವರ ಆಶಯ. ನಮ್ಮಲ್ಲಿ ಜೀತ ಪದ್ಧತಿ ನಿರ್ಮೂಲನ ಕಾಯ್ದೆ ಬಂದದ್ದು 1976ರಲ್ಲಿ. ಆ ಕಾಯ್ದೆಯಡಿ ಜೀತಗಾರ ಬಿಡುಗಡೆಯಾಗಲು ಒಬ್ಬ ಅಧಿಕಾರಿ ಅವನಿದ್ದಲ್ಲಿಗೆ ಹೋಗಬೇಕು, ವಿಚಾರಿಸಬೇಕು, ಬಿಡುಗಡೆ ಪತ್ರ ಕೊಡಬೇಕು, ಪುನರ್ವಸತಿಯ ಹಣ ಕೈಸೇರಬೇಕು. ಇದರಲ್ಲಿ ಒಂದು ತಪ್ಪಿದರೂ ಕಾಯ್ದೆ ಇದ್ದೂ ಇಲ್ಲದಂತೆ. ಗ್ಯಾಲ್ವೆಸ್ಟನ್ನಿನ ಕಥೆ ನಮಗೆ ಅರ್ಥವಾಗುವುದು ಇದರಿಂದಲೇ.

ಓಪಲ್ ಲೀ ಅವರ ವಿಷಯದಲ್ಲಿ ಇನ್ನೊಂದು ಮಾತು ಹೇಳಿ ಮುಗಿಸಬಹುದು. 1939ರಲ್ಲಿ ಗುಂಪು ಹಾಳುಗೆಡವಿದ ಮನೆಯ ನಿವೇಶನವನ್ನು ಅವರು ಮುಂದೆ ಹುಡುಕಿಕೊಂಡು ಹೋದರು. ಅದು ಮನೆ ಕಟ್ಟಿಕೊಡುವ ಸೇವಾಸಂಸ್ಥೆಯೊಂದರ ಕೈಯಲ್ಲಿತ್ತು. ಸಂಸ್ಥೆ ಅದನ್ನು ಹತ್ತು ಡಾಲರಿಗೆ ಅವರಿಗೆ ಬರೆದುಕೊಟ್ಟು, ಅಲ್ಲೇ ಹೊಸ ಮನೆಯನ್ನೂ ಕಟ್ಟಿಸಿತು. 2024ರ ಜೂನ್ ತಿಂಗಳಲ್ಲಿ, 97ರ ವಯಸ್ಸಿನಲ್ಲಿ, ಅವರ ಕೈಗೆ ಆ ಮನೆಯ ಬೀಗದ ಕೈ ಬಂತು.