ಪಾಠ ಹೇಳೋ ಮಗಳಿಗೂ ದಣಿವಿದೆ

(ಬನಶಂಕರಿಯ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಸಭೆ ಮುಗಿದ ಮೇಲೆ ನಮ್ಮ ಸಂಘದ ಒಬ್ಬ ತಾಯಿ ಬಂದು, "ಸಿಸ್ಟರ್, ಸಂಘದಲ್ಲಿ ಸಾಲ ತಗೊಂಡು ಮಗಳನ್ನ ಎಂ.ಎ. ಓದಿಸಿದೆ. ಈಗ ಡಿಗ್ರಿ ಕಾಲೇಜಲ್ಲಿ ಪಾಠ ಮಾಡ್ತಾಳೆ. ಮನೆಗೆ ಬಂದ್ರೆ ಮಾತೇ ಇಲ್ಲ. ಪಾಠ ಹೇಳೋದಕ್ಕೂ ಇಷ್ಟು ಸುಸ್ತಾ?" ಎಂದು ಕೇಳಿದರು.

ಆಕೆ ಅತಿಥಿ ಉಪನ್ಯಾಸಕಿ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಇಂಥವರು ಸಾವಿರಾರು ಮಂದಿ ಇದ್ದಾರೆ. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು ಗರಿಷ್ಠ 32,000 ರೂಪಾಯಿಗೆ ಏರಿಸಿತು. ಜೊತೆಗೆ ವಾರಕ್ಕೆ 15 ಗಂಟೆ ಬೋಧನೆ ಎಂದಾಗ ಹಲವರಿಗೆ ಕೆಲಸವೇ ಸಿಗದೆ ಹೋಯಿತು. ಸೇವಾ ಭದ್ರತೆ ಕೇಳಿ 2024ರ ಜನವರಿಯಲ್ಲಿ ಅವರು ತುಮಕೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. 'ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ' ಎಂಬ ಚಿಂತೆ ಪಾಠಕ್ಕಿಂತ ಹೆಚ್ಚು ದಣಿಸುತ್ತದೆ.

ನೀರು ಬತ್ತಿದ ಮೇಲೂ ಒಲೆ ಉರಿಯುತ್ತಿದ್ದರೆ ಪಾತ್ರೆ ಸೀದುಹೋಗುತ್ತೆ ಅಲ್ವಾ? ತಪ್ಪು ಪಾತ್ರೆಯದಲ್ಲ. ಇದನ್ನೇ 'ಬರ್ನ್‌ಔಟ್' ಅನ್ನುತ್ತಾರೆ. ಇದು ರೋಗವಲ್ಲ, ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿತು. ಗುರುತುಗಳು ಮೂರು: ಶಕ್ತಿಯೆಲ್ಲ ಬತ್ತಿದಂತಾಗುವುದು, ಕೆಲಸದ ಮೇಲೆ ಬೇಸರ ಬರುವುದು, 'ನನ್ನಿಂದ ಏನೂ ಆಗಲ್ಲ' ಅನ್ನಿಸುವುದು.

ಹಾಗಾದರೆ ಏನು ಮಾಡೋಣ?

1. "ಇದೇನು ಮಹಾ ಕೆಲಸ" ಅನ್ನಬೇಡಿ. "ಇವತ್ತು ಹೇಗಿತ್ತಮ್ಮ?" ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಕೂಡಲೇ ಬುದ್ಧಿ ಹೇಳಬೇಡಿ.

2. ಕಾಲೇಜಿನಿಂದ ಬಂದವಳಿಗೆ ಅಡುಗೆಮನೆ ಪೂರ್ತಿ ಒಪ್ಪಿಸಬೇಡಿ. ಗಂಡುಮಕ್ಕಳೂ ಕೈಜೋಡಿಸಲಿ. ವಾರದಲ್ಲಿ ಅರ್ಧ ದಿನವಾದರೂ ಉತ್ತರಪತ್ರಿಕೆ ಮುಟ್ಟದೆ ಇರಲಿ.

3. ಒಬ್ಬಳೇ ಕೊರಗದೆ ಜೊತೆಯ ಉಪನ್ಯಾಸಕಿಯರೊಡನೆ ಕೂತು ಮಾತಾಡಲಿ. ಒಬ್ಬೊಬ್ಬರೇ ಇದ್ದಾಗ ಬ್ಯಾಂಕಿನವರು ನಮ್ಮನ್ನೂ ಕೇಳುತ್ತಿರಲಿಲ್ಲ. ಸಂಘವಾದ ಮೇಲೆ ಕೂರಿಸಿ ಮಾತಾಡಿದರು.

4. ಎರಡು ವಾರವಾದರೂ ನಿದ್ದೆ ಬಾರದಿದ್ದರೆ, ಅಳು ನಿಲ್ಲದಿದ್ದರೆ ವೈದ್ಯರ ಬಳಿ ಹೋಗಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ನಮಗೆ ಹತ್ತಿರವೇ ಇದೆ. 2022ರಲ್ಲಿ ಶುರುವಾದ ಟೆಲಿ ಮಾನಸ್‌ಗೆ ಫೋನ್ ಮಾಡಬಹುದು. ನಂಬರ್ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. 'ಬದುಕೇ ಬೇಡ' ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ.

ಈ ಮೂರು ಗುರುತು ಕೇಳುವಾಗ ನಿಮ್ಮಲ್ಲೂ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ. ಗಾರ್ಮೆಂಟ್ಸ್‌ಗೆ ಹೋಗುವವರಿಗೂ, ಮನೆಗೆಲಸ ಮಾಡುವವರಿಗೂ ಈ ಮಾತು ಅನ್ವಯಿಸುತ್ತದೆ. ನಾವು ಪ್ರತಿ ವಾರ ಉಳಿತಾಯ ಎಷ್ಟು, ಸಾಲ ಎಷ್ಟು ಎಂದು ಕೇಳುತ್ತೇವೆ. ಮುಂದಿನ ವಾರದಿಂದ ಲೆಕ್ಕ ಓದುವ ಮುಂಚೆ ಐದು ನಿಮಿಷ ಪಕ್ಕದವರನ್ನು "ನೀವು ಹೇಗಿದ್ದೀರಿ ಅಕ್ಕಾ?" ಎಂದು ಕೇಳೋಣ. ಆ ತಾಯಿಯೂ ಇವತ್ತು ರಾತ್ರಿ ಮಗಳನ್ನು ಕೇಳಲಿ.