ಅದನ್ನೇ ಮತ್ತೆ ಯಾಕೆ ನುಡಿಸಿದರು?

ಪಕ್ಕದ ಮನೆಯ ಹುಡುಗಿ ಪಿಟೀಲು ಕಲಿಯುತ್ತಿದ್ದಾಳೆ. ಜಂಟಿವರಸೆ ಮುಗಿದು ಅಲಂಕಾರಕ್ಕೆ ಬಂದಿದ್ದಾಳೆ. ಅವಳೊಬ್ಬಳೇ ಏನು, ವಿನೋಬನಗರದ ನಮ್ಮ ಸಾಲಿನ ಮನೆಗಳೆಲ್ಲ ಅಲಂಕಾರಕ್ಕೆ ಬಂದಿವೆ. ಈ ವಾರ ಅಪ್ಪನ ಮೊಬೈಲಿನಲ್ಲಿ ಪಿಟೀಲು ಅಂತ ಹುಡುಕುತ್ತಾ ಹೋದವಳಿಗೆ ಮೆಂಡೆಲ್ಸನ್ ಎಂಬ ಜರ್ಮನಿಯವನ ಕಾನ್ಚೆರ್ಟೊ ಸಿಕ್ಕಿದೆ. ನುಡಿಸಿದವರು ಯೆಹೂದಿ ಮೆನುಹಿನ್, 1938ರಲ್ಲಿ. ಅದರ ಕೆಳಗೇ ಇನ್ನೊಂದು: ಅದೇ ಕೃತಿ, ಅದೇ ಮನುಷ್ಯ, 1952. ಕಾಂಪೌಂಡಿನ ಆಚೆಯಿಂದಲೇ ಕೇಳಿದಳು: "ಅಜ್ಜ, ಒಂದ್ಸಲ ನುಡಿಸಿ ಆಗಿದೆಯಲ್ಲ, ಅದನ್ನೇ ಮತ್ತೆ ಯಾಕೆ ನುಡಿಸಿದ್ರು?"

ನಮ್ಮ ಸಂಗೀತವಾಗಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಪಿಟೀಲು ಚೌಡಯ್ಯನವರು ನೂರು ಸಲ ತೋಡಿ ನುಡಿಸಿದರೂ ನೂರನೆಯದಕ್ಕೆ ಜನ ಬಂದು ಕೂರುತ್ತಿದ್ದರು, ಇವತ್ತು ಏನು ಮಾಡುತ್ತಾರೋ ನೋಡೋಣ ಅಂತ. ಆದರೆ ಅಲ್ಲಿ ಎಲ್ಲವೂ ಕಾಗದದ ಮೇಲೆ ಬರೆದಿಟ್ಟದ್ದು. ಕಾನ್ಚೆರ್ಟೊದಲ್ಲಿ ಒಬ್ಬರು ಮುಂದೆ ನಿಂತು ನುಡಿಸುತ್ತಾರೆ, ಹಿಂದೆ ದೊಡ್ಡ ವಾದ್ಯವೃಂದ ಇರುತ್ತದೆ. ನಡುವೆ ವಾದ್ಯವೃಂದ ಸುಮ್ಮನಾಗಿ, ಮುಂದಿರುವವರು ಒಬ್ಬರೇ ಕೈಚಳಕ ತೋರಿಸುವ ಒಂದು ಜಾಗವಿದೆ. ಹಿಂದೆಲ್ಲ ಅದು ಕಲಾವಿದನಿಗೇ ಬಿಟ್ಟದ್ದು. ಮೆಂಡೆಲ್ಸನ್ ಅದನ್ನೂ ಬಿಡಲಿಲ್ಲ, ಪುಣ್ಯಾತ್ಮ ಒಂದೊಂದು ಸ್ವರವನ್ನೂ ತಾನೇ ಬರೆದಿಟ್ಟ.

ಆತ ಇದನ್ನು ಬರೆಯುವ ಮಾತೆತ್ತಿದ್ದು 1838ರಲ್ಲಿ, ಫರ್ಡಿನಾಂಡ್ ಡೇವಿಡ್ ಎಂಬ ಪಿಟೀಲುಗಾರ ಗೆಳೆಯನ ಹತ್ತಿರ. ಮುಗಿಸಿದ್ದು 1844ರಲ್ಲಿ. ಮರುವರ್ಷ ಮಾರ್ಚಿಯಲ್ಲಿ ಲೈಪ್‌ಜಿಗ್ ಊರಿನಲ್ಲಿ ಡೇವಿಡ್ಡೇ ಮೊದಲ ಸಲ ನುಡಿಸಿದ. ಮೂರು ವರ್ಷ ತುಂಬುವುದರೊಳಗೆ ಮೆಂಡೆಲ್ಸನ್ ತೀರಿಕೊಂಡ, ಮೂವತ್ತೆಂಟು ವಯಸ್ಸು. 1806ರ ಬೀತೋವನ್ ಕಾನ್ಚೆರ್ಟೊದಲ್ಲಿ ಪಿಟೀಲಿನವರು ಮೂರು ನಿಮಿಷದ ಮೇಲೆ ಸುಮ್ಮನೆ ನಿಂತು ಕಾಯಬೇಕು. ಮೆಂಡೆಲ್ಸನ್ ಕೃತಿಯಲ್ಲಿ ಕಾಯಿಸುವುದೇ ಇಲ್ಲ, ಶುರುವಾದ ಕೂಡಲೇ ಪಿಟೀಲು ಬಂದುಬಿಡುತ್ತದೆ. ಮೂರು ಭಾಗಗಳ ನಡುವೆ ಬಿಡುವೂ ಇಲ್ಲ. ಮೊದಲ ಭಾಗ ಮುಗಿಯಿತು, ಇನ್ನೇನು ಜನ ಚಪ್ಪಾಳೆ ತಟ್ಟಬೇಕು ಅನ್ನುವಾಗ ಬಸೂನ್ ಎಂಬ ಊದುವ ವಾದ್ಯ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದೆ. ಎತ್ತಿದ ಕೈ ಹಾಗೇ ಇಳಿಯುತ್ತದೆ.

ಇಷ್ಟು ಜೋಪಾನವಾಗಿ ಹೊಲಿದ ಕೃತಿಯನ್ನು 1938ರಲ್ಲಿ ಮೆನುಹಿನ್ ಪ್ಯಾರಿಸ್ಸಿನಲ್ಲಿ ನುಡಿಸಿದ್ದು ಹಳೇ ಗ್ರಾಮಾಫೋನ್ ಪ್ಲೇಟುಗಳಿಗೆ. ಒಂದು ಮಗ್ಗುಲಿಗೆ ನಾಲ್ಕು ನಾಲ್ಕೂವರೆ ನಿಮಿಷ, ಕೃತಿಯೋ ಹತ್ತಿರ ಹತ್ತಿರ ಅರ್ಧ ಗಂಟೆ. ಬಿಡುವೇ ಬೇಡವೆಂದು ಬರೆದದ್ದನ್ನು ಕೇಳುವವರು ಪ್ಲೇಟು ಮಗುಚುತ್ತಾ, ಮುಳ್ಳು ಇಡುತ್ತಾ ಕೇಳಿದರು. ಈಗ ಮೊಬೈಲಿನಲ್ಲಿ ತುಂಡುಗಳನ್ನೆಲ್ಲ ಬೆಸೆದು ಕೊಟ್ಟಿದ್ದಾರೆ, ಗೊರ ಗೊರ ಮಾತ್ರ ಉಳಿದಿದೆ.

ಎರಡನ್ನೂ ನಾನು ಕೂತು ಕೇಳಿದೆ, ಎರಡನೆಯ ಭಾಗವನ್ನು ಮತ್ತೆ ಮತ್ತೆ. ಅದು ಜೋಗುಳದ ನಡೆಯ ನಿಧಾನದ ರಾಗ. 1938ರದ್ದರಲ್ಲಿ ಸ್ವರದಿಂದ ಸ್ವರಕ್ಕೆ ಬೆರಳು ಜಾರುತ್ತದೆ, ನಮ್ಮ ಜಾರು ಇದ್ದಂತೆಯೇ, ಏನೂ ಸಂಕೋಚವಿಲ್ಲ. ವಾದ್ಯವೃಂದ ನಡೆಸಿದವರು ಅವರ ಗುರು ಎನೆಸ್ಕು. ಗುರು ಹಿಂದಿದ್ದಾನೆ ಎಂಬ ಧೈರ್ಯ ಇಪ್ಪತ್ತೆರಡರ ಆಸುಪಾಸಿನ ಆ ಹುಡುಗನ ಕಮಾನಿನಲ್ಲಿ ಕೇಳುತ್ತದೆ. 1952ರದ್ದು ಬರ್ಲಿನ್ನಿನಲ್ಲಿ, ಫುರ್ಟ್‌ವೆಂಗ್ಲರ್ ಜೊತೆ. ಬರೆದ ಸ್ವರ ಒಂದೂ ಬದಲಾಗಿಲ್ಲ. ಆದರೆ ನನ್ನ ಕಿವಿಗೆ, ಕಮಾನು ತಂತಿಯ ಮೇಲೆ ಇಳಿಯುವುದಕ್ಕೆ ಮೊದಲು ಒಂದು ಕ್ಷಣ ಯೋಚಿಸುತ್ತದೆ.

ಹದಿನಾಲ್ಕು ವರ್ಷದಲ್ಲಿ ಏನೇನೋ ಆಗಿತ್ತು. ಯುದ್ಧ ಬಂದು ಹೋಗಿತ್ತು. ಅದಕ್ಕೂ ಮೊದಲೇ, ಮೆಂಡೆಲ್ಸನ್ ಹುಟ್ಟಿನಿಂದ ಯೆಹೂದಿ ಎಂದು ಹಿಟ್ಲರನ ಜರ್ಮನಿ ಅವನ ಸಂಗೀತಕ್ಕೇ ಬಹಿಷ್ಕಾರ ಹಾಕಿತ್ತು, ಲೈಪ್‌ಜಿಗ್‌ನಲ್ಲಿದ್ದ ಅವನ ಪ್ರತಿಮೆಯನ್ನು 1936ರಲ್ಲಿ ಕಿತ್ತು ಹಾಕಿತ್ತು. ಅದೇ ಜರ್ಮನಿಯ ರಾಜಧಾನಿಯಾಗಿದ್ದ ಊರಿನಲ್ಲಿ ಒಬ್ಬ ಯೆಹೂದಿ ನಿಂತು ಅದೇ ಕೃತಿಯನ್ನು ನುಡಿಸಿದ. ಮತ್ತೆ ಯಾಕೆ ಎಂಬುದಕ್ಕೆ ಇದೊಂದು ಉತ್ತರವೇ ಸಾಕಿತ್ತೇನೋ.

ಇನ್ನೊಂದು ಉತ್ತರ ಮೈಗೆ ಸಂಬಂಧಿಸಿದ್ದು. ಮೆನುಹಿನ್ ಏಳೆಂಟು ವರ್ಷಕ್ಕೇ ವೇದಿಕೆ ಹತ್ತಿದವರು. ಹೇಗೆ ನುಡಿಸುತ್ತೇನೆ ಎಂದು ಯೋಚಿಸದೇ ನುಡಿಸಿದವರು. ಯುದ್ಧದ ಕಾಲದಲ್ಲಿ ಸೈನಿಕರ ಮುಂದೆ ನೂರಾರು ಕಛೇರಿ ಮಾಡಿದ ಮೇಲೆ ಮೈ ಬಿಗಿಯಿತು, ಕಮಾನಿನ ಕೈ ಮಾತು ಕೇಳದಾಯಿತು. ಭದ್ರಾವತಿಯ ನ್ಯೂಟೌನಿನಲ್ಲಿ ನಮಗೊಬ್ಬ ಹಳೇ ಟರ್ನರ್ ಪರಿಚಯವಿದ್ದರು. ಲೇತಿನ ಮುಂದೆ ಅವರ ಕೈಗೆ ಕಣ್ಣಿತ್ತು. ಅಪ್ರೆಂಟಿಸ್ ಹುಡುಗ ಯಾರೋ "ಸಾರ್, ಎಷ್ಟು ಒತ್ತಬೇಕು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದನಂತೆ. ಅವತ್ತೆಲ್ಲ ಕೆಲಸ ಕೆಟ್ಟಿತು ಎಂದು ಹೇಳಿಕೊಂಡು ನಗುತ್ತಿದ್ದರು. ಮೆನುಹಿನ್ ಆ ಪ್ರಶ್ನೆಯನ್ನು ತಾವೇ ಕೇಳಿಕೊಂಡರು, ಅದೂ ಇಡೀ ಜಗತ್ತು ನೋಡುತ್ತಿದ್ದಾಗ.

1952ರಲ್ಲಿ ನೆಹರೂ ಕರೆದರೆಂದು ಅವರು ಭಾರತಕ್ಕೆ ಬಂದರು. ಮುಂಬೈಯಲ್ಲಿ ಯೋಗ ಕಲಿಸುವ ಒಬ್ಬರ ಭೇಟಿಯಾಯಿತು, ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಚಿಕ್ಕಂದಿನಲ್ಲಿ ಕಾಯಿಲೆ ಮೈಯವರು, ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಭಾವ ಕೃಷ್ಣಮಾಚಾರ್ಯರ ಕೈಯಲ್ಲಿ ಪಳಗಿದವರು. ಆ ಶಾಲೆಗೆ ಆಶ್ರಯ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅವರೂ ಪಿಟೀಲು ನುಡಿಸುತ್ತಿದ್ದರು ಬಿಡಿ. ಐದು ನಿಮಿಷ ಕೊಡುತ್ತೇನೆ ಎಂದಿದ್ದ ಮೆನುಹಿನ್ ಅಯ್ಯಂಗಾರರು ಮಲಗಿಸಿದಲ್ಲೇ ನಿದ್ದೆ ಹೋದರು ಎಂದು ಕತೆ. ಬರ್ಲಿನ್ನಿನ ಧ್ವನಿಮುದ್ರಣ ಅದೇ ವರ್ಷ ಮೇ ತಿಂಗಳಿನಲ್ಲಿ ಆಯಿತು.

ಯೋಗದಿಂದಲೇ ನಾದ ಬದಲಾಯಿತು ಅಂತ ನಾನು ಹೇಳುವುದಿಲ್ಲ. ಒಂದೆರಡು ಪಾಠಕ್ಕೆ ಹಾಗೆಲ್ಲ ಆಗುವುದೂ ಇಲ್ಲ. ಆದರೆ 1954ರಲ್ಲಿ ಅಯ್ಯಂಗಾರರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡು ಮೆನುಹಿನ್ ಒಂದು ಕೈಗಡಿಯಾರ ಕೊಟ್ಟರು. ತನ್ನ ಅತ್ಯುತ್ತಮ ಪಿಟೀಲು ಗುರು ಎಂದು ಅದರ ಹಿಂದೆ ಕೆತ್ತಿಸಿದ್ದರು. ಅಯ್ಯಂಗಾರರು ಪಿಟೀಲಿನವರೇ ಅಲ್ಲ.

ಇದೇ ಹೊತ್ತಿಗೆ ನೆನಪಾದದ್ದು ಜಯಚಾಮರಾಜ ಒಡೆಯರು. 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಬಡತನದಲ್ಲಿ, ಕಾಯಿಲೆಯಲ್ಲಿ ದಿನ ತಳ್ಳುತ್ತಿದ್ದ ಮೆಟ್ನರ್ ಎಂಬ ರಷ್ಯದ ಸಂಗೀತಗಾರನ ಪ್ಲೇಟುಗಳನ್ನು ಅವರು ತಮ್ಮ ಹಣದಲ್ಲಿ ಮಾಡಿಸಿದರು. ಅವನ ಸ್ವರಗಳು ಆಗಲೇ ಅಚ್ಚಾಗಿ ಅಂಗಡಿಯಲ್ಲಿ ಸಿಗುತ್ತಿದ್ದವು. ಆ ಮುದುಕ ತಾನೇ ಪಿಯಾನೊ ಮುಂದೆ ಕೂತು ನುಡಿಸಲಿ ಎಂಬುದಕ್ಕೇ ಮೈಸೂರಿನ ಹಣ ಹೋಯಿತು. ಮೆಟ್ನರ್ 1951ರಲ್ಲಿ ತೀರಿಕೊಂಡ, ಬೆರಳು ಪ್ಲೇಟಿನಲ್ಲಿ ಉಳಿದಿದೆ.

ಹುಡುಗಿಗೆ ಇಷ್ಟೆಲ್ಲ ಹೇಳಲಿಲ್ಲ. ಅವಳು ನಮ್ಮ ಪದ್ಧತಿಯಂತೆ ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿನ ಮೇಲಿಟ್ಟು ನುಡಿಸುವವಳು, ನಿಂತು ಗದ್ದದಲ್ಲಿ ಒತ್ತಿ ಹಿಡಿಯುವ ಕಷ್ಟ ಇಲ್ಲ. ಆದರೂ ಮೇಷ್ಟ್ರು ದಿನಾ "ಭುಜ ಸಡಿಲ ಬಿಡಮ್ಮ" ಎಂದು ಕೂಗುವುದು ನಮ್ಮ ಹಜಾರದವರೆಗೆ ಕೇಳುತ್ತದೆ. ಅವಳಿಗೆ 1952ರದ್ದು ಹಿಡಿಸಿದೆ, ಗೊರ ಗೊರ ಕಡಿಮೆಯಂತೆ. ನನಗೆ 1938ರದ್ದೇ ಮೇಲು. ಎರಡೂ ಹುಡುಕಿದರೆ ಸಿಗುತ್ತವೆ, ಎರಡನೆಯ ಭಾಗದಿಂದ ಶುರು ಮಾಡಿ. ನಿಮ್ಮ ಮತ ಯಾವುದಕ್ಕೆ ಅಂತ ಭದ್ರಾವತಿ ಆಕಾಶವಾಣಿಗೆ ಒಂದು ಕಾರ್ಡು ಬರೆದು ಹಾಕಿ.