ಅನ್ನದ ಪಾಲಿಗೆ ಹೂಕೋಸು: ಅರ್ಧ ಸಾಕು, ಜೊತೆಗೆ ಬೇಳೆ ಬೇಕು

ಹೂಕೋಸನ್ನು ಅಕ್ಕಿಕಾಳಿನಷ್ಟು ಸಣ್ಣಗೆ ತುರಿದು, ಬಾಣಲೆಯಲ್ಲಿ ಹುರಿದು, ಅನ್ನದ ಬದಲಿಗೆ ಬಡಿಸಿಕೊಳ್ಳುವ ಅಡುಗೆಯ ವಿಷಯ ಈಗ ಊರೂರಿಗೂ ಮುಟ್ಟಿದೆ. ಬಳ್ಳಾರಿಯ ಗಾಂಧಿನಗರದಿಂದ ಹಿಡಿದು ಸಿರುಗುಪ್ಪ, ಕುರುಗೋಡು ಕಡೆಯ ಕ್ಯಾಂಪುಗಳವರೆಗೆ, ಮನೆಯಲ್ಲಿ ಒಬ್ಬರಿಗೆ ಶುಗರ್ ಇದೆ ಎಂದು ಗೊತ್ತಾದ ಕೂಡಲೇ ಏಳುವ ಮೊದಲ ಪ್ರಶ್ನೆ, 'ಇನ್ನು ಅನ್ನ ಬಿಡಬೇಕಾ?' ಎಂಬುದು. ಆ ಪ್ರಶ್ನೆಗೆ ಹೂಕೋಸು ಉತ್ತರವಾಗಬಲ್ಲದೇ ಎನ್ನುವುದನ್ನು ಈ ಹೊತ್ತು ವಿಚಾರ ಮಾಡೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅನ್ನವನ್ನು ಪೂರ್ತಿ ಬಿಟ್ಟು ಹೂಕೋಸಿನ ಮೇಲೆ ನಿಲ್ಲುವುದು ಬಹಳ ದಿನ ನಡೆಯುವ ಮಾತಲ್ಲ, ಒಳ್ಳೆಯದೂ ಅಲ್ಲ. ತಟ್ಟೆಯಲ್ಲಿರುವ ಅನ್ನದಲ್ಲಿ ಅರ್ಧ ತೆಗೆದು ಆ ಜಾಗಕ್ಕೆ ಹೂಕೋಸು ಹಾಕಿ, ಅದರ ಜೊತೆಗೇ ಬೇಳೆ, ಮೊಟ್ಟೆ, ಮೊಸರು, ಶೇಂಗಾ ಇವುಗಳ ಪಾಲನ್ನು ಹೆಚ್ಚಿಸಿದರೆ ಮಾತ್ರ ಈ ಅಡುಗೆಯಿಂದ ಉಪಯೋಗ ಉಂಟು.

ನಮ್ಮ ಸೀಮೆಗೆ ಮೂರು ಹೊತ್ತಿನ ಅನ್ನ ಬಂದದ್ದು ತೀರಾ ಹಳೆಯ ಕಥೆಯಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಕಾಲುವೆಗಳಲ್ಲಿ ನೀರು ಹರಿಯುವ ಮೊದಲು, ವಿಜಯನಗರ ಕಾಲದ ಕಾಲುವೆಗಳ ಅಂಚಿನ ಗದ್ದೆಗಳನ್ನು ಬಿಟ್ಟರೆ, ಈ ಕಪ್ಪು ನೆಲದ ಬೆಳೆ ಜೋಳ, ಹತ್ತಿ, ನವಣೆ. 1876ರಿಂದ 78ರವರೆಗಿನ ಬರಗಾಲದಲ್ಲಿ ಬಳ್ಳಾರಿ ಪಟ್ಟ ಪಾಡನ್ನು ನೆನೆದರೆ, ಅನ್ನ ಇಲ್ಲಿನ ಜನಕ್ಕೆ ಎಂಥ ಭರವಸೆಯಾಗಿ ಬಂತು ಎನ್ನುವುದು ತಿಳಿಯುತ್ತದೆ. ಕಾಲುವೆಯ ಹಿಂದೆಯೇ ಕರಾವಳಿ ಆಂಧ್ರದಿಂದ ಭತ್ತದ ಬೇಸಾಯ ಬಲ್ಲ ರೈತರು ಬಂದು ನೆಲೆಸಿದರು, ಅವರ ವಸತಿಗಳಾದ ಕ್ಯಾಂಪುಗಳು ಹುಟ್ಟಿದವು, ಸಿರುಗುಪ್ಪ ಭತ್ತದ ಕಣಜವಾಯಿತು, ರೈಸ್ ಮಿಲ್ಲುಗಳು ಎದ್ದವು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಗೂ ಅಕ್ಕಿ ತಪ್ಪಲಿಲ್ಲ. ಹಸಿವನ್ನು ದೂರ ಮಾಡಿದ ಈ ಅನ್ನವನ್ನು ಕಾಯಿಲೆಯ ಮೂಲ ಎಂದು ಬೈಯುವುದು ಸರಿಯಲ್ಲ. ಬದಲಾದದ್ದು ಮೈಯ ದುಡಿತ ಮತ್ತು ತಟ್ಟೆಯ ಅಳತೆ. ನಾಟಿ, ಕಳೆ, ಕೊಯಿಲುಗಳಲ್ಲಿ ಇಡೀ ದಿನ ಬೆನ್ನು ಬಗ್ಗಿಸಿದವರಿಗೆ ಬೇಕಾಗಿದ್ದ ಅನ್ನದ ರಾಶಿಯನ್ನೇ ಇಂದು ಅಂಗಡಿಯ ಗಲ್ಲಾದ ಮುಂದೆ, ಕಚೇರಿಯ ಕುರ್ಚಿಯಲ್ಲಿ ಕೂತವರೂ ಬಡಿಸಿಕೊಳ್ಳುತ್ತಿದ್ದಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದುದ್ದಕ್ಕೂ ನಡೆಸಿದ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿದ ಲೆಕ್ಕದಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಮಿಕ್ಕಿದವರು ಅದರ ಹೊಸ್ತಿಲಲ್ಲಿದ್ದಾರೆ. ಅದೇ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಹೊರಬಂತು. ನಾವು ಉಣ್ಣುವ ಒಟ್ಟು ಶಕ್ತಿಯಲ್ಲಿ ಶೇಕಡಾ 62ರಷ್ಟು ಬರುವುದು ಕಾರ್ಬೋಹೈಡ್ರೇಟಿನಿಂದ, ಅಂದರೆ ಅಕ್ಕಿ, ಗೋಧಿ, ಸಕ್ಕರೆಯಂಥವುಗಳಿಂದ. ಪ್ರೋಟೀನ್ ಪಾಲು ತೀರಾ ಕಡಿಮೆ. ಆ ವರದಿಯ ಇನ್ನೊಂದು ಮಾತು ನಮ್ಮ ಇವತ್ತಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಬಿಳಿ ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದು, ಒಟ್ಟು ಅಳತೆ ಹಾಗೇ ಉಳಿಸಿಕೊಂಡರೆ ಅಪಾಯ ಕಡಿಮೆಯಾಗುವುದು ಕಾಣಲಿಲ್ಲ. ಕಾರ್ಬೋಹೈಡ್ರೇಟಿನ ಸ್ವಲ್ಪ ಭಾಗವನ್ನು ಬೇಳೆಕಾಳು, ಹಾಲು-ಮೊಸರು, ಮೊಟ್ಟೆ, ಮೀನುಗಳ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ಅಪಾಯ ಕಡಿಮೆ ಎಂದು ಕಂಡುಬಂತು.

ಈಗ ತಟ್ಟೆಯ ಲೆಕ್ಕ ನೋಡಿ. 200 ಗ್ರಾಂ ಬೇಯಿಸಿದ ಬಿಳಿ ಅನ್ನ, ಅಂದರೆ ನಮ್ಮ ಕಡೆ ಒಂದು ಹದವಾದ ಊಟದ ಅನ್ನ, ಸುಮಾರು 56 ಗ್ರಾಂ ಕಾರ್ಬೋಹೈಡ್ರೇಟ್ ಕೊಡುತ್ತದೆ. ಅದೂ ನಮ್ಮ ಸೋನಾ ಮಸೂರಿ. ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಪರೀಕ್ಷೆ ಮಾಡಿದಾಗ ಅದರ ಗ್ಲೈಸಿಮಿಕ್ ಸೂಚ್ಯಂಕ 72 ಬಂದಿತ್ತು. ಗ್ಲೂಕೋಸಿಗೆ 100 ಎಂದಿಟ್ಟುಕೊಂಡ ಈ ಅಳತೆಯಲ್ಲಿ 70 ದಾಟಿದ್ದು ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಆಹಾರ. ಅಷ್ಟೇ ತೂಕದ ಹೂಕೋಸಿನಲ್ಲಿ ಕಾರ್ಬೋಹೈಡ್ರೇಟ್ ಸುಮಾರು 10 ಗ್ರಾಂ, ಅದರಲ್ಲೂ 4 ಗ್ರಾಂ ನಾರು. ಅರ್ಧ ಅನ್ನ, ಅರ್ಧ ಹೂಕೋಸು ಬೆರೆಸಿದರೆ 56 ಇದ್ದದ್ದು 33 ಗ್ರಾಮಿಗೆ ಇಳಿಯುತ್ತದೆ. ತಟ್ಟೆ ಬರಿದಾಗಿ ಕಾಣುವುದಿಲ್ಲ, ಕಲಸಿ ತುತ್ತು ಮಾಡುವುದಕ್ಕೂ ಅಡ್ಡಿಯಿಲ್ಲ. ಆದರೆ ಇದೇ ಲೆಕ್ಕದಲ್ಲಿ ಸುಮಾರು 100 ಕ್ಯಾಲೊರಿ ಶಕ್ತಿಯೂ ಕಡಿಮೆಯಾಯಿತು. ಹೂಕೋಸು ಬಹುಪಾಲು ನೀರು, ಅದರಲ್ಲಿ ಪ್ರೋಟೀನ್ ಅಷ್ಟಕ್ಕಷ್ಟೇ. ಬರೀ ಅದನ್ನು ತಿಂದೆದ್ದವರಿಗೆ ಸ್ವಲ್ಪ ಹೊತ್ತಿಗೇ ಹೊಟ್ಟೆ ಚುರುಗುಟ್ಟುತ್ತದೆ, ಕೈ ಬಿಸ್ಕೆಟ್ ಡಬ್ಬಿಗೆ ಹೋಗುತ್ತದೆ, ಉಳಿಸಿದ ಪಿಷ್ಟ ಬೇರೆ ದಾರಿಯಲ್ಲಿ ಒಳಗೆ ಬರುತ್ತದೆ. ಆದ್ದರಿಂದಲೇ ಬೇಳೆಯ ಮಾತು. ತಿಳಿಸಾರಿನ ಬದಲು ಗಟ್ಟಿ ಬೇಳೆ, ಒಂದು ಮೊಟ್ಟೆಯಾದರೆ 6 ಗ್ರಾಂ ಪ್ರೋಟೀನ್, ಒಂದು ಹಿಡಿ ಶೇಂಗಾ ಅಂದರೆ 30 ಗ್ರಾಮಿಗೆ ಸುಮಾರು 7 ಗ್ರಾಂ. ಇವು ಕೂಡಿದಾಗಲೇ ಅದು ಊಟ.

ಮಾಡುವ ಕ್ರಮಕ್ಕೆ ಬರೋಣ. ಕೆಟ್ಟರೆ ಇಲ್ಲಿಯೇ ಕೆಡುವುದು, ಕೆಡಿಸುವುದು ನೀರು. ಹೂ ಒತ್ತಾಗಿ, ಬೆಳ್ಳಗೆ, ಎಲೆ ಹಸಿರಾಗಿ ಇರುವ ಗಡ್ಡೆ ಆರಿಸಿ. ದೊಡ್ಡ ಹೋಳು ಮಾಡಿ, ಉಪ್ಪು ಅರಿಶಿನ ಹಾಕಿದ ಬೆಚ್ಚನೆಯ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಒಳಗೆ ಅಡಗಿದ ಹುಳು ಮೇಲೆ ಬರುತ್ತದೆ. ಆಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಆರಬಿಡಿ. ಈ ಆರಿಸುವ ಕೆಲಸಕ್ಕೆ ಅವಸರ ಮಾಡಬೇಡಿ. ತುರಿಯುವ ಮಣೆಯ ದೊಡ್ಡ ತೂತಿನಲ್ಲಿ ತುರಿದರೆ ಕಾಳು ಕಾಳಾಗಿ ಉದುರುತ್ತದೆ. ಮಿಕ್ಸಿಯಲ್ಲಾದರೆ ಜಾರಿಗೆ ಅರ್ಧದಷ್ಟೇ ಹಾಕಿ, ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಬಿಟ್ಟು ಬಿಟ್ಟು ಎರಡು ಮೂರು ಸಲ ಮಾತ್ರ ತಿರುವಿ. ಒಂದೇ ಸಮನೆ ಓಡಿಸಿದರೆ ಚಟ್ನಿಯಾಗುತ್ತದೆ. ದಂಟನ್ನೂ ಎಸೆಯಬೇಡಿ, ಮೇಲಿನ ಗಟ್ಟಿ ಸಿಪ್ಪೆ ಹೆರೆದರೆ ಒಳಗಿನದು ತುರಿಯಲು ಬರುತ್ತದೆ. ತುರಿಯನ್ನು ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ ಒಮ್ಮೆ ಹಿಂಡಿ. ಅಗಲವಾದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದು ಚಮಚ ಎಣ್ಣೆ ಬಿಟ್ಟು, ತುರಿಯನ್ನು ತೆಳುವಾಗಿ ಹರಡಿ, ದೊಡ್ಡ ಉರಿಯಲ್ಲಿ ನಾಲ್ಕೈದು ನಿಮಿಷ ಕೈಯಾಡಿಸಿ. ಮುಚ್ಚಳ ಮುಚ್ಚಬಾರದು, ಮುಚ್ಚಿದರೆ ಹಬೆ ಕೂತು ಮುದ್ದೆಯಾಗುತ್ತದೆ. ಉಪ್ಪನ್ನು ಇಳಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಹಸಿವಾಸನೆ ಹೋಗಿ, ಹಲ್ಲಿಗೆ ಇನ್ನೂ ಕೊಂಚ ಗಟ್ಟಿ ಸಿಗುವಾಗಲೇ ಇಳಿಸಿ. ನಾಲ್ಕು ಜನರ ಮನೆಗೆ ಒಂದು ಮಧ್ಯಮ ಗಾತ್ರದ ಗಡ್ಡೆ ಅನ್ನದ ಜೊತೆ ಬೆರೆಸಲು ಸಾಕು. ಬಿಸಿ ಅನ್ನ ಆರಿ ಉದುರಾದ ಮೇಲೆ ಎರಡನ್ನೂ ಕೂಡಿಸಿ.

ಬಾಯಿಗೆ ಅದು ಅನ್ನದಂತೆಯೇ ಇರುತ್ತದೆಯೇ ಎಂದರೆ, ಇಲ್ಲ. ಬೆಂದ ಅಕ್ಕಿಯ ಮೆದುತನ, ಅದರ ಸೌಮ್ಯವಾದ ಸಿಹಿ ಹೂಕೋಸಿಗೆ ಬರುವುದಿಲ್ಲ. ತಿಳಿಸಾರಿನಲ್ಲಿ ಕಲಸಿದರೆ ಸಪ್ಪೆ ಎನಿಸುತ್ತದೆ. ಹಾಗಾಗಿ ಹುಳಿ, ಖಾರ, ಒಗ್ಗರಣೆ ಮುಂದಿರುವ ಅಡುಗೆಯಲ್ಲಿ ಇದನ್ನು ಸೇರಿಸುವುದು ಜಾಣತನ. ಸಾಸಿವೆ, ಕಡ್ಲೆಬೇಳೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಅರಿಶಿನ ಹಾಕಿ, ಮೇಲೆ ನಿಂಬೆ ಹಿಂಡಿದ ಚಿತ್ರಾನ್ನದಲ್ಲಿ ಅರ್ಧ ಹೂಕೋಸು ಇದ್ದರೆ ರುಚಿಗೆ ಕೊರತೆ ಆಗದು. ಪುಳಿಯೋಗರೆಗೂ ಮೊಸರನ್ನಕ್ಕೂ ಹೊಂದುತ್ತದೆ. ಪುಂಡಿಪಲ್ಯದಂಥ ಹುಳಿಯ ಪಲ್ಯದ ಜೊತೆಯೂ ಒಪ್ಪುತ್ತದೆ. ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮಲ್ಲಿ ಹೂಕೋಸು ಎಂದರೆ ಮಕ್ಕಳಿಗೆ ನೆನಪಾಗುವುದು ರಸ್ತೆ ಬದಿಯ ಗೋಬಿ ಮಂಚೂರಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಅದರಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಬಣ್ಣ ಇಲ್ಲದಿದ್ದರೂ ಮೈದಾ, ಕಾರ್ನ್‌ಫ್ಲೋರ್‌ನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದ ಮೇಲೆ ಅದನ್ನು ಶುಗರ್ ಇದ್ದವರ ತರಕಾರಿ ಎನ್ನಲು ಬರುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಬಲವಾದದ್ದು ರೊಟ್ಟಿಯ ಪರವಾದದ್ದು. ನಮ್ಮದೇ ಜೋಳದ ರೊಟ್ಟಿ ಇರುವಾಗ ಈ ಹೊಸ ಅಡುಗೆ ಯಾಕೆ ಎಂದು ಕೇಳುತ್ತಾರೆ. ಜೋಳದಲ್ಲಿ ಪಾಲಿಶ್ ಮಾಡಿದ ಅಕ್ಕಿಗಿಂತ ನಾರು ಹೆಚ್ಚು, ಜಗಿದು ತಿನ್ನಬೇಕಾದ್ದರಿಂದ ಊಟ ನಿಧಾನವಾಗುತ್ತದೆ, ರೊಟ್ಟಿಯ ಜೊತೆ ಪಲ್ಯ, ಕಾಳು, ಶೇಂಗಾ ಚಟ್ನಿ ತಾವಾಗಿಯೇ ಬರುತ್ತವೆ. ಇಷ್ಟನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲೂ 35 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್ ಇದೆ. ಮೂರು ರೊಟ್ಟಿ ತಿಂದು ಕೊನೆಗೆ ಒಂದು ಸೌಟು ಅನ್ನವನ್ನೂ ಬಡಿಸಿಕೊಂಡರೆ ಸಮೀಕ್ಷೆ ಹೇಳಿದ ತಪ್ಪಿಗೇ ಮರಳಿದಂತೆ. ಒಂದೋ ಎರಡೋ ರೊಟ್ಟಿ ಸಾಕು ಎನ್ನುವವರಿಗೆ ಹೂಕೋಸಿನ ಹಂಗು ಬೇಡ. ರೊಟ್ಟಿ ಜಗಿಯಲಾಗದ ಹಿರಿಯರಿಗೆ, ಅನ್ನ ಇಲ್ಲದೆ ಊಟ ಮುಗಿಯಿತು ಎನಿಸದವರಿಗೆ ಇದು ದಾರಿ. ಇನ್ನೊಂದು ನಂಬಿಕೆ, ಗಂಜಿ ಬಸಿದುಬಿಟ್ಟರೆ ಅನ್ನದ ಸಕ್ಕರೆ ಹೋಗುತ್ತದೆ ಎಂಬುದು. ಬಸಿದ ಗಂಜಿಯಲ್ಲಿ ಹೋಗುವುದು ಪಿಷ್ಟದ ಸಣ್ಣ ಪಾಲು ಮತ್ತು ಒಂದಿಷ್ಟು ಬಿ ವಿಟಮಿನ್; ಉಳಿದ ಪಿಷ್ಟ ಅಗುಳಿನಲ್ಲೇ ಇರುತ್ತದೆ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮೇಲೆ ಮಿರ್ಚಿ, ಸಕ್ಕರೆ ಹಾಕಿದ ಚಹಾ ಆದ ಮೇಲೆ ಮಧ್ಯಾಹ್ನ ಅನ್ನ ಬಸಿದು ಸಮಾಧಾನ ಪಡುವುದರಿಂದ ಪ್ರಯೋಜನ ಆಗುವುದಿಲ್ಲ.

ಭತ್ತ ಬೆಳೆಯುವ ರೈತರ ಮನೆಗಳಲ್ಲಿ ಈ ಮಾತು ನೋವುಂಟುಮಾಡಬಹುದು. ಅವರಿಗೆ ಹೇಳುವುದಿಷ್ಟು: ಶುಗರ್ ಇದ್ದವರೊಬ್ಬರು ಊಟಕ್ಕೆ 100 ಗ್ರಾಂ ಅನ್ನ ಕಡಿಮೆ ಮಾಡಿದರೆ ಸಿರುಗುಪ್ಪದ ಅಕ್ಕಿಗೆ ಬೇಡಿಕೆ ಬೀಳುವುದಿಲ್ಲ, ಆ ಮನೆಯ ಯಜಮಾನನ ಕಾಲು, ಕಣ್ಣು, ಮೂತ್ರಪಿಂಡ ಉಳಿದರೆ ಹೊಲ ನೋಡಿಕೊಳ್ಳುವವರು ಉಳಿಯುತ್ತಾರೆ. ಖರ್ಚಿನ ಮಾತು ಇದಕ್ಕಿಂತ ಕಠಿಣವಾದದ್ದು. ರೇಷನ್ ಅಕ್ಕಿ ಮನೆಯಲ್ಲಿರುವಾಗ ದಿನಾ ಹೂಕೋಸು ಕೊಳ್ಳಿ ಎಂದು ಕೂಲಿ ಮಾಡುವವರಿಗೆ ಹೇಳುವುದು ನ್ಯಾಯವಲ್ಲ. ಹೂಕೋಸು ತಂಪಿನ ಬೆಳೆ. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯದು ಸಿಗುತ್ತದೆ, ಅಗ್ಗವೂ ಹೌದು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬಾಡಿದ, ಹಳದಿ ತಿರುಗಿದ ಗಡ್ಡೆಗೆ ಹೆಚ್ಚು ದುಡ್ಡು ಕೊಡಬೇಡಿ. ಎಲೆಕೋಸನ್ನು ಅದೇ ರೀತಿ ಸಣ್ಣಗೆ ಹೆಚ್ಚಿ ಹುರಿದರೆ ಕೆಲಸ ನಡೆಯುತ್ತದೆ. ಅದೂ ಇಲ್ಲದ ದಿನ ಅನ್ನವನ್ನು ಅರ್ಧ ಮಾಡಿ, ಬದನೆ, ಬೆಂಡೆ, ಸೌತೆ, ಸೊಪ್ಪು, ಯಾವುದು ಸಿಕ್ಕರೆ ಅದರ ಪಲ್ಯವನ್ನು ಎರಡರಷ್ಟು ಬಡಿಸಿಕೊಳ್ಳಿ, ಪಲ್ಯ ಬೇಳೆಯನ್ನು ಮೊದಲು ತಿಂದು ಅನ್ನವನ್ನು ಆಮೇಲೆ ಉಣ್ಣಿ. ಹೀಗೆ ಉಂಡಾಗ ಊಟದ ನಂತರದ ಸಕ್ಕರೆ ಅಷ್ಟು ಏರುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ.

ಗ್ಯಾಸ್ ಆಗುತ್ತದೆ ಎನ್ನುವವರ ದೂರು ನಿಜ. ಹೂಕೋಸಿನ ಕೆಲವು ಅಂಶಗಳು ಕರುಳಿನಲ್ಲಿ ಹುದುಗುತ್ತವೆ. ಇಂಗು, ಓಮ, ಶುಂಠಿ ಹಾಕಿ, ಮೊದಲ ವಾರ ನಾಲ್ಕು ಚಮಚದಿಂದ ಶುರುಮಾಡಿ. ಥೈರಾಯ್ಡ್ ಇದ್ದವರು ಚೆನ್ನಾಗಿ ಬೇಯಿಸಿ, ಅಯೋಡಿನ್ ಉಪ್ಪು ಬಳಸಿ ಮಿತವಾಗಿ ತಿಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮೂತ್ರಪಿಂಡದ ಕಾಯಿಲೆ ಇದ್ದವರ ಮಾತು ಬೇರೆ. ಪೊಟ್ಯಾಸಿಯಂ, ಬೇಳೆ, ಮೊಟ್ಟೆ ಎಲ್ಲದಕ್ಕೂ ಅವರಿಗೆ ಅಳತೆ ಇರುತ್ತದೆ, ವೈದ್ಯರನ್ನು ಕೇಳದೆ ಬದಲಾವಣೆ ಬೇಡ. ಬೆಳೆಯುವ ಮಕ್ಕಳು, ಬಸುರಿ ಬಾಣಂತಿಯರು, ತೂಕ ಕಡಿಮೆ ಇರುವ ಹಿರಿಯರು, ಬಿಸಿಲಲ್ಲಿ ದುಡಿಯುವವರು ಇವರ ಅನ್ನಕ್ಕೆ ಹೂಕೋಸು ಬೆರೆಸಿ ಕಡಿಮೆ ಮಾಡಬೇಡಿ. ಒಂದೇ ಒಲೆಯಲ್ಲಿ ಇಬ್ಬರಿಗೆ ಎರಡು ಅಳತೆ ಇರಬಹುದು, ಅದರಲ್ಲಿ ತಪ್ಪಿಲ್ಲ.

ಇಲ್ಲಿಂದ ಮುಂದಿನದನ್ನು ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಗಮನವಿಟ್ಟು ಕೇಳಬೇಕು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆಯ ಪ್ರಮಾಣ ನೀವು ಉಣ್ಣುವ ಅನ್ನವನ್ನು ನೋಡಿ ಹೊಂದಿಸಿದ್ದು. ಅನ್ನ ಒಮ್ಮೆಲೇ ಅರ್ಧವಾಗಿ, ಔಷಧ ಅಷ್ಟೇ ಉಳಿದರೆ ಸಕ್ಕರೆ ತೀರಾ ಕುಸಿಯಬಹುದು: ಬೆವರು, ಕೈನಡುಕ, ಎದೆಬಡಿತ, ಮಂಪರು. ಎಚ್ಚರವಿದ್ದವರಿಗೆ ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕದಡಿ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತಿನ್ನುವವರು ಅನ್ನ ರೊಟ್ಟಿಯನ್ನು ಪೂರ್ತಿ ಬಿಟ್ಟರೆ ರಕ್ತ ಆಮ್ಲೀಯವಾಗುವ ಅಪಾಯವೂ ಇದೆ. ಆದ್ದರಿಂದ ಶುರುಮಾಡುವ ಮೊದಲೇ ವೈದ್ಯರಿಗೆ ತಿಳಿಸಿ. ಅವರು ಒಪ್ಪಿದ ಮೇಲೆ ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಒಂದು ದಿನ ಎಂದಿನ ಅನ್ನ ಉಂಡು, ಇನ್ನೊಂದು ದಿನ ಅದೇ ಹೊತ್ತಿಗೆ ಅರ್ಧ ಹೂಕೋಸು ಬೆರೆಸಿದ ಅನ್ನವನ್ನು ಗಟ್ಟಿ ಬೇಳೆಯೊಂದಿಗೆ ಉಂಡು, ಊಟ ಶುರುಮಾಡಿದ ಎರಡು ಗಂಟೆಗೆ ಸರಿಯಾಗಿ ಪರೀಕ್ಷಿಸಿ ಬರೆದಿಡಿ. ಸಾಮಾನ್ಯವಾಗಿ ಆ ಹೊತ್ತಿಗೆ 180ರ ಒಳಗಿರಬೇಕು ಎನ್ನುತ್ತಾರೆ. ಎರಡೂ ದಿನದ ಅಂಕಿ, ಏನು ತಿಂದಿರಿ, ಯಾವ ಮಾತ್ರೆ ತೆಗೆದುಕೊಂಡಿರಿ ಎಂಬುದನ್ನು ಒಂದೇ ಚೀಟಿಯಲ್ಲಿ ಬರೆದು ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಒಯ್ಯಿರಿ. ಮಾತ್ರೆ ಇಳಿಸಬೇಕೋ ಬೇಡವೋ ಎಂದು ಡಾಕ್ಟರು ಅದನ್ನು ನೋಡಿ ಹೇಳುತ್ತಾರೆ.